ಕೇಳದವರಿಗೆ ಬಡಿಸುವುದು

ಬಸ್ಸು ಶಿರಾಳಕೊಪ್ಪ ದಾಟಿದ ಮೇಲೂ ಸಿದ್ಧಲಿಂಗೇಶನಿಗೆ ತಾನು ಸೊರಬಕ್ಕೆ ಹೋಗುತ್ತಿರುವುದಕ್ಕೆ ಹೇಳಿಕೊಳ್ಳುವಂಥ ಕಾರಣ ಸಿಕ್ಕಿರಲಿಲ್ಲ. ಕಾರಣ ಇರಲಿಲ್ಲವೆಂದಲ್ಲ, ಇದ್ದದ್ದು ಹೇಳಿಕೊಳ್ಳುವಂಥದ್ದಲ್ಲ. ತೊಡೆಯ ಮೇಲೆ ಲ್ಯಾಪ್‌ಟಾಪಿನ ಚೀಲ, ಅದರ ಪಕ್ಕದ ಜೇಬಿನಲ್ಲಿ ಅಮ್ಮ ಕಟ್ಟಿಕೊಟ್ಟ ಶೇಂಗಾ ಚಟ್ನಿಪುಡಿಯ ಪೊಟ್ಟಣ. ಬೆಳಿಗ್ಗೆ ಅವನು “ಸೊರಬಕ್ಕ ಹೋಗಿ ಬರ್ತೀನಿ” ಎಂದಾಗ ರಾಜೇಶ್ವರಮ್ಮ ಯಾರ ಹತ್ತಿರ, ಏನು ಕೆಲಸ ಎಂದು ಕೇಳಿರಲಿಲ್ಲ. “ಬರೇ ಕೈಲೆ ಹೋಗಬ್ಯಾಡ” ಎಂದು ಪೊಟ್ಟಣ ತುರುಕಿದ್ದಳು. ಅವಳ ಲೆಕ್ಕದಲ್ಲಿ ಕೈಯಲ್ಲಿ ಏನಾದರೂ ಹಿಡಿದು ಹೋದವನು ಕೆಟ್ಟ ಸುದ್ದಿ ತಂದಿರುವುದಿಲ್ಲ. ಸಂಜೆ ಐದಕ್ಕೆ ‘ಚಪ್ಪರ’ದ ಮೂರನೆಯ ಆವೃತ್ತಿ ಹೊರಬರಬೇಕು, ಅದರೊಳಗೆ ಯಾರ ಸರ್ವರ್ ಇರಬೇಕೆಂಬುದನ್ನು ಅವನು ಅಷ್ಟರೊಳಗೆ ಬರೆದು ಹಾಕಬೇಕು. ಕ್ಷಮಾಳದ್ದು ಇರುವುದಿಲ್ಲ. ಫೋನಿನಲ್ಲಿ ಎರಡು ನಿಮಿಷದ ಮಾತು ಅದು. ಎದುರಿಗೇ ಹೇಳುವುದು ಮರ್ಯಾದೆ ಎಂದುಕೊಂಡು ಬಸ್ಸು ಹತ್ತಿದ್ದ. ಈಗ ಕಿಟಕಿಯಾಚೆ ಮೆಕ್ಕೆಜೋಳದ ಹೊಲಗಳು ಹಿಂದೆ ಸರಿಯುತ್ತಿದ್ದಾಗ, ಎದುರಿಗೆ ಹೋದರೆ ಹೇಳದೆಯೇ ವಾಪಸು ಬರಬಹುದೆಂಬ ಆಸೆಯೂ ತನ್ನ ಜೊತೆಗೇ ಟಿಕೆಟ್ಟು ತೆಗೆಸಿಕೊಂಡು ಕೂತಿದೆಯೆಂದು ಅವನಿಗೆ ಅನ್ನಿಸಿತು. ಅವನು ಅಂಥವನೇ. ನಲವತ್ತಾರು ವರ್ಷವಾಗಿದೆ, ಯಾರ ಮುಖಕ್ಕೂ ಆಗುವುದಿಲ್ಲ ಎಂದು ಹೇಳಿದ ನೆನಪಿಲ್ಲ.

ಚಪ್ಪರ ಅಂದರೆ ಅವನು ಹದಿಮೂರು ವರ್ಷದ ಹಿಂದೆ ಬರೆದಿದ್ದ ತಂತ್ರಾಂಶದ ಚೌಕಟ್ಟು. ಶಿಕಾರಿಪುರದ ಒಂದು ಖಾಸಗಿ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತ, ವೆಬ್‌ಸೈಟ್ ಕಟ್ಟುವುದು ಹುಡುಗರಿಗೆ ಸಲೀಸಾಗಲಿ ಎಂದು ಶುರು ಮಾಡಿದ್ದು. ಕಂಬ, ತೊಲೆ ಅವನದು, ಮೇಲೆ ಏನು ಹೊದಿಸಬೇಕೋ ಅದು ಕಟ್ಟುವವರದು. ಯಾರು ಬೇಕಾದರೂ ಬಿಟ್ಟಿ ಒಯ್ಯಬಹುದು. ಈಗ ಅದರ ಮೇಲೆ ಆರುನೂರಕ್ಕೂ ಹೆಚ್ಚು ತಾಣಗಳು ನಿಂತಿವೆ. ಶಾಲೆಗಳು, ಸೊಸೈಟಿಗಳು, ಕಲ್ಯಾಣಮಂಟಪಗಳು, ಟ್ರ್ಯಾಕ್ಟರ್ ಬಿಡಿಭಾಗ ಮಾರುವವರು. ಚಪ್ಪರದ ಒಳಗೇ ಒಂದು ಪುಟ್ಟ ಸರ್ವರ್ ಇರುತ್ತದೆ. ಬಾಗಿಲಲ್ಲಿ ಕೂತು, ಬಂದವರು ಕೇಳಿದ್ದನ್ನು ಒಳಗಿನಿಂದ ತಂದುಕೊಡುವುದು ಅದರ ಕೆಲಸ. ಬೇಡವಾದವರು ಅದನ್ನು ತೆಗೆದು ಬೇರೆಯದನ್ನು ಕೂರಿಸಿಕೊಳ್ಳಬಹುದು, ಆದರೆ ಯಾರೂ ಆ ಉಸಾಬರಿಗೆ ಹೋಗುವುದಿಲ್ಲ. ಶಿಕಾರಿಪುರದ ಖಾನಾವಳಿಯಲ್ಲಿ ‘ಊಟ’ ಎಂದಷ್ಟೇ ಹೇಳಿ ಕೂತರೆ ರೊಟ್ಟಿ ಬರುತ್ತದೆ, ಸೊರಬದ ಹೋಟೆಲಿನಲ್ಲಿ ಹಾಗೇ ಕೂತರೆ ಅನ್ನ ಬರುತ್ತದೆ, ಕೇಳದವನಿಗೆ ಏನು ಬಡಿಸಬೇಕೆಂದು ಯಾರೋ ಮೊದಲೇ ತೀರ್ಮಾನಿಸಿರುತ್ತಾರೆ. ತರಗತಿಯಲ್ಲಿ ಡಿಫಾಲ್ಟ್ ಎಂಬ ಪದವನ್ನು ಅವನು ಹೀಗೇ ವಿವರಿಸುತ್ತಿದ್ದ. ಹುಡುಗರು ನಗುತ್ತಿದ್ದರು. ತೀರ್ಮಾನಿಸಿದವನ ಹೆಸರು ತಟ್ಟೆಯ ಮೇಲೆ ಇರುವುದಿಲ್ಲ ಎಂಬ ಮಾತನ್ನು ಮಾತ್ರ ಅವನು ಪಾಠಕ್ಕೆ ಸೇರಿಸಿರಲಿಲ್ಲ.

ಆ ಸರ್ವರನ್ನು ಬರೆದವಳು ಕ್ಷಮಾ. ನಾಲ್ಕು ವರ್ಷ ಅವನ ಕಾಲೇಜಿನಲ್ಲೇ ಅತಿಥಿ ಉಪನ್ಯಾಸಕಿಯಾಗಿದ್ದು, ಆ ಕೆಲಸ ನೆಚ್ಚಿಕೊಂಡರೆ ಆಗುವುದಿಲ್ಲವೆಂದು ತನ್ನ ಊರು ಸೊರಬಕ್ಕೆ ಹೋಗಿ ಬಸ್‌ಸ್ಟ್ಯಾಂಡಿನ ಹತ್ತಿರ ಅರ್ಜಿ ತುಂಬಿಕೊಡುವ ಅಂಗಡಿ ಇಟ್ಟಿದ್ದಳು. ದಿನಾ ಬೆಳಿಗ್ಗೆ ಐದರಿಂದ ಎಂಟು ಸರ್ವರ್ ಬರೆಯುವುದು, ಆಮೇಲೆ ಅಂಗಡಿ. ಸರ್ವರಿಗೆ ‘ಹೊಸ್ತಿಲು’ ಎಂದು ಹೆಸರಿಟ್ಟಿದ್ದಳು. ಆರು ವರ್ಷದ ಕೆಲಸ. ಅದರ ಜಾಗಕ್ಕೆ ಈಗ ‘ಹೆರಾನ್’ ಎಂಬುದನ್ನು ಕೂರಿಸಬೇಕೆಂದು ಯತೀಶ ಪ್ರಸ್ತಾಪ ಹಾಕಿದ್ದ. ಯತೀಶ ಹಿಂದೆ ಅವನ ವಿದ್ಯಾರ್ಥಿ, ಈಗ ಶಿವಮೊಗ್ಗದಲ್ಲಿ ಕೆಲಸದಲ್ಲಿದ್ದುಕೊಂಡು ಚಪ್ಪರದ ಉಸ್ತುವಾರಿಯಲ್ಲಿ ಕೈಜೋಡಿಸುವವನು. ಹೆರಾನನ್ನು ಹತ್ತಾರು ದೇಶದ ನೂರಾರು ಜನ ನೋಡಿಕೊಳ್ಳುತ್ತಾರೆ. ಹೊಸ್ತಿಲಿಗೆ ಇರುವವಳು ಒಬ್ಬಳೇ. ಎಲ್ಲರೂ ಓದುವ ಚರ್ಚೆಯ ಪುಟದಲ್ಲಿ ಯತೀಶ ಇದನ್ನೆಲ್ಲ ಬರೆದು, ಕೊನೆಗೆ, “ಎರಡು ವರ್ಷದ ಹಿಂದೆ ಜೂನ್‌ನಲ್ಲಿ ಏನಾಯಿತೆಂದು ಎಲ್ಲರಿಗೂ ಗೊತ್ತು” ಎಂದು ಸೇರಿಸಿದ್ದ. ಆ ಸಾಲನ್ನು ಸಿದ್ಧಲಿಂಗೇಶ ವಾರದಿಂದ ದಿನಕ್ಕೆ ನಾಲ್ಕು ಸಲ ಓದುತ್ತಿದ್ದ. ಎಲ್ಲರಿಗೂ ಗೊತ್ತಿದ್ದದ್ದು ಏನೆಂದರೆ ಸಿದ್ಧಲಿಂಗೇಶ ತಾನೇ ಅವತ್ತು ಹೇಳಿದ್ದು.

ಕ್ಷಮಾ ಮೊದಲು ಬರೆದಾಗ ಹೊಸ್ತಿಲಿನಲ್ಲಿ ಒಂದು ಮಿತಿ ಇತ್ತು. ಒಮ್ಮೆಗೆ ಇನ್ನೂರು ಜನ ಕಾಯಬಹುದು. ಇನ್ನೂರೊಂದನೆಯವನು ಬಂದರೆ ತಕ್ಷಣ, “ಈಗ ಜಾಗವಿಲ್ಲ, ಹತ್ತು ನಿಮಿಷ ಬಿಟ್ಟು ಬನ್ನಿ” ಎಂದು ಹೇಳಿ ಕಳಿಸುತ್ತಿತ್ತು. ಅದನ್ನು ಮೊದಲ ಸಲ ಪರದೆಯ ಮೇಲೆ ನೋಡಿದಾಗ ಸಿದ್ಧಲಿಂಗೇಶನಿಗೆ ಯಾರೋ ತನ್ನ ಮನೆಯ ಬಾಗಿಲಲ್ಲಿ ನಿಂತು ಬಂದವರನ್ನು ಗದರಿಸಿದಂತಾಗಿತ್ತು. ಫೋನ್ ಮಾಡಿ, “ಮೇಡಂ, ಬಾಗಿಲಿಗೆ ಬಂದೋರ್ನ ವಾಪಸ್ ಕಳ್ಸೋದು ನಮ್ ಕಡೆ ಇಲ್ರಿ. ಎಲ್ಲಾರ್ನೂ ಕೂರ್ಸೋಣ. ತಡ ಆದ್ರೂ ಆಗ್ಲಿ” ಎಂದಿದ್ದ. ಅವಳು, “ಸರ್, ಕೂರ್ಸಿದ್ರೆ ಅವರು ಬೇರೆ ಕಡೆ ಹೋಗಲ್ಲ. ಇಲ್ಲ ಅನ್ನೋದೂ ಒಂದು ಉತ್ತರ ಅಲ್ವಾ?” ಎಂದಿದ್ದಳು. ಅವನು ನೋಡೋಣ ಎಂದ. ಆ ವಾರವೇ, ಬೇರೆ ಮೂವತ್ತು ಸಣ್ಣಪುಟ್ಟ ತಿದ್ದುಪಡಿಗಳ ನಡುವೆ, ಅವಳ ಇನ್ನೂರನ್ನು ಅಳಿಸಿ ಸೊನ್ನೆ ಹಾಕಿದ. ಸೊನ್ನೆ ಅಂದರೆ ಮಿತಿ ಇಲ್ಲ ಎಂದರ್ಥ. ಒಂದೇ ಅಂಕಿ. ಅವಳಿಗೆ ಹೇಳಲಿಲ್ಲ. ಹೇಳಿದ್ದರೆ ವಾದವಾಗುತ್ತಿತ್ತು, ವಾದವಾದರೆ ಯಾರಾದರೊಬ್ಬರು ಇಲ್ಲ ಎನ್ನಬೇಕಾಗುತ್ತಿತ್ತು.

ನಮ್ ಕಡೆ ಇಲ್ರಿ ಎಂದು ಎಷ್ಟು ಹೆಮ್ಮೆಯಿಂದ ಹೇಳಿದ್ದ. ಅವನ ಅಪ್ಪ ಮಹೇಶ್ವರಪ್ಪ ಬಟ್ಟೆ ಅಂಗಡಿಯ ಗಾದಿಯ ಮೇಲೆ ಕೂತು ಜೀವಮಾನವಿಡೀ ಆಡಿದ ಮಾತು ಎರಡೇ: ಕೂತ್ಕೊಳ್ರಿ, ನೋಡೋಣಂತ. ಉಡುತಡಿಯಿಂದ ವೀರಬಸಪ್ಪ ಮನೆಗೆ ಬರುತ್ತಿದ್ದರು. ಎರಡು ಜೇಬಿನ ಬಿಳಿ ಅಂಗಿ, ಹೆಗಲ ಮೇಲೆ ಟವೆಲ್ಲು. ಮಗಳು ರಕ್ಷಿತಾಳನ್ನು ಸಿದ್ಧಲಿಂಗೇಶನಿಗೆ ಕೇಳುತ್ತಿದ್ದರು. ಹುಡುಗಿಯನ್ನು ನೋಡಿ ಬಂದ ಮೊದಲ ವಾರವೇ ಅವನಿಗೆ ಬೇಡವೆಂದು ಗೊತ್ತಿತ್ತು. ದೊಡ್ಡ ಕಾರಣವೇನೂ ಇರಲಿಲ್ಲ, ಮದುವೆಯೆಂಬುದೇ ಬೇಡವಾಗಿತ್ತು. ಅಪ್ಪನಿಗೆ ಹೇಳಿದ. ಅಪ್ಪ, “ಆತು, ನಾ ಹೇಳ್ತೀನಿ ಬಿಡು” ಎಂದ. ಹೇಳಲಿಲ್ಲ. ವೀರಬಸಪ್ಪ ಮತ್ತೆ ಬಂದರು, ಚಹಾ ಕುಡಿದರು, ಹೋದರು. ಒಳಗಿನ ಕೋಣೆಯಲ್ಲಿ ಕೂತು ಸಿದ್ಧಲಿಂಗೇಶ ಲೋಟ ನೆಲಕ್ಕೆ ಇಡುವ ಸದ್ದು ಕೇಳುತ್ತಿದ್ದ. ಒಂದೂವರೆ ವರ್ಷದಲ್ಲಿ ಎಂಟು ಸಲ. ಒಂಬತ್ತನೆಯ ಸಲ ಅವರು ಕೂರಲಿಲ್ಲ. ನಿಂತುಕೊಂಡೇ, ದನಿ ಏರಿಸದೆ, “ಒಲ್ಲೆ ಅಂದಿದ್ರ ಅವತ್ತೇ ಎದ್ದು ಬ್ಯಾರೆ ಕಡೆ ನೋಡ್ತಿದ್ದೆ. ಒಂದೂವರೆ ವರ್ಷ ಚಾ ಕುಡಿಸಿದ್ರಿ” ಎಂದರು. ಅಮ್ಮ ಅಷ್ಟರಲ್ಲಿ ಲೋಟ ತಂದು ಇಟ್ಟುಬಿಟ್ಟಿದ್ದಳು. ಅವರು ಹೋದ ಮೇಲೆ ಚಹಾದ ಮೇಲೆ ಕೆನೆ ಕಟ್ಟುವವರೆಗೂ ಯಾರೂ ಅದನ್ನು ಎತ್ತಲಿಲ್ಲ. ರಕ್ಷಿತಾ ಮುಂದೆ ಮದುವೆಯಾಗಿ ಚೆನ್ನಾಗಿಯೇ ಇದ್ದಾಳೆಂದು ಕೇಳಿದ್ದ. ಅದರಿಂದ ಅವನಿಗೆ ಏನೂ ಕಡಿಮೆಯಾಗಿರಲಿಲ್ಲ. ಕಂಡಕ್ಟರ್ “ಸೊರಬ ಇಳಿಯೋರು” ಎಂದು ಎರಡನೆಯ ಸಲ ಕೂಗಿದಾಗ ಗಾಬರಿಯಿಂದ ಎದ್ದ.

ಅಂಗಡಿಯ ಮುಂದೆ ಬೋರ್ಡು: “ದಿನಕ್ಕೆ ಇಪ್ಪತ್ತು ಟೋಕನ್. ಮುಗಿದಿದ್ದರೆ ನಾಳೆ ಬನ್ನಿ.” ಕಿರಿದಾದ ಕೋಣೆ, ಗೋಡೆಗಾನಿಸಿ ಒಂದು ಬೆಂಚು, ಮೇಜಿನ ಆಚೆ ಕ್ಷಮಾ, ಈಚೆ ಒಂದು ಕುರ್ಚಿ. ಅವನನ್ನು ಕಂಡು ಅವಳು ಎದ್ದು ನಿಂತಳು. ಮುಖದಲ್ಲಿ ಸಂತೋಷವೋ ಬೇಸರವೋ ತಿಳಿಯುವ ಮೊದಲೇ ಅದು ಮಾಮೂಲಿಗೆ ಬಂತು. “ಬನ್ನಿ ಸರ್. ಇನ್ನೂ ಮೂರು ಜನ ಇದಾರೆ, ಅವರದ್ದು ಆಗೋಕೆ ಮುಕ್ಕಾಲು ಗಂಟೆ ಬೇಕು. ಊಟ ಆಗಿಲ್ದಿದ್ರೆ ಮಾಡ್ಕಂಡು ಬನ್ನಿ. ಇಲ್ಲೇ ಇರ್ತೀನಿ ಅಂದ್ರೆ ಟೋಕನ್ ತಗಳಿ” ಎಂದು ಒಂದು ರಟ್ಟಿನ ಚೂರು ಚಾಚಿದಳು. ಹದಿನೇಳು. ಕಾಲೇಜಿನಲ್ಲಿ ಅವನು ಸ್ಟಾಫ್‌ರೂಮಿಗೆ ಬಂದರೆ ಎದ್ದು ಕುರ್ಚಿ ಬಿಟ್ಟುಕೊಡುತ್ತಿದ್ದವಳು. ಅವನು ನಗುತ್ತ ಅದನ್ನು ತೆಗೆದುಕೊಂಡ, ಕಿವಿ ಬಿಸಿಯಾಯಿತು. ಬೆಂಚಿನ ಮೇಲಿದ್ದವರು ಸರಿದು ಜಾಗ ಕೊಟ್ಟರು. ರಟ್ಟನ್ನು ಅಂಗೈಯೊಳಗೆ ಮುಚ್ಚಿ ಹಿಡಿದುಕೊಂಡು, ತಾನು ಯಾರೆಂದು ಇವರಿಗೆ ಗೊತ್ತಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡ. ಗೊತ್ತಿರಬೇಕಾಗಿತ್ತು ಎಂದೂ ಅನ್ನಿಸಿತು, ಹಾಗನ್ನಿಸಿದ್ದಕ್ಕೆ ಮತ್ತೊಂದು ಸಲ ನಾಚಿಕೆಯಾಯಿತು.

ಕುರ್ಚಿಯಲ್ಲಿದ್ದವನು ಯಾವುದೋ ಜಂಟಿ ಪಹಣಿಯ ಕಾಗದ ಹಿಡಿದು ಬಂದಿದ್ದ. ಕ್ಷಮಾ ಎರಡು ಹಾಳೆ ತಿರುವಿ, “ಇದು ಇಲ್ಲಿ ಆಗಲ್ಲ. ತಾಲ್ಲೂಕು ಕಚೇರಿಗೇ ಹೋಗ್ಬೇಕು. ಈಗ್ಲೇ ಹೋದ್ರೆ ಊಟಕ್ಕೆ ಏಳೋದ್ರೊಳಗೆ ಸಿಗ್ತಾರೆ” ಎಂದಳು. ಸಿದ್ಧಲಿಂಗೇಶ ಆ ಮನುಷ್ಯನಿಗಾಗಿ ತಾನೇ ಕುಗ್ಗಿದ. ಅವನಾದರೋ ಕಾಗದ ಮಡಚಿ, “ಹೌದಾ, ಬರ್ಲಾ ಹಂಗಾರೆ” ಎಂದು ಚಪ್ಪಲಿ ಮೆಟ್ಟಿ ನಡೆದೇಬಿಟ್ಟ. ಅವನ ಬೆನ್ನಿನಲ್ಲಿ ಅವಮಾನದ ಗುರುತೇ ಇರಲಿಲ್ಲ. ಅವನ ಹಿಂದೆಯೇ ಬಂದು ಪಕ್ಕದಲ್ಲಿ ಹದಿನೆಂಟರ ರಟ್ಟು ಹಿಡಿದು ಕೂತಿದ್ದ ಮುದುಕಿ, ಚಂದ್ರಗುತ್ತಿಯ ಗುತ್ಯಮ್ಮ ಎಂದು ಆಮೇಲೆ ತಿಳಿಯಿತು, ಅವನ ಕಡೆ ಬಾಗಿ, “ಈ ತಂಗಿ ಹತ್ರ ಒಂದು ಸುಖ ನೋಡಿ. ಆಗ್ತದೋ ಇಲ್ವೋ ಮೊದ್ಲೇ ಹೇಳ್ಬಿಡ್ತದೆ. ಬೇರೆ ಕಡೆ ಕೂರ್ಸಿ ಕೂರ್ಸಿ ಸೊಂಟ ಹೋಗ್ತದೆ ಮಾರಾಯ್ರೆ” ಎಂದಳು. ಅವನು ಹೌದು ಹೌದು ಎಂದು ತಲೆಯಾಡಿಸಿದ.

ಆ ಜೂನ್‌ನಲ್ಲಿ ಒಂದು ಟ್ರಸ್ಟಿನ ಹಾಸ್ಟೆಲಿಗೆ ಅರ್ಜಿ ಹಾಕುವ ಕೊನೆಯ ದಿನ. ತಾಣ ಚಪ್ಪರದ ಮೇಲೆ ಕಟ್ಟಿದ್ದು, ಒಳಗಿದ್ದದ್ದು ಹೊಸ್ತಿಲು. ಬೆಳಿಗ್ಗೆ ಹತ್ತಕ್ಕೆ ಸಾವಿರದ ಚಿಲ್ಲರೆ ಮಕ್ಕಳು ಒಟ್ಟಿಗೆ ಬಂದರು. ಅವನ ಸೊನ್ನೆಯ ಪ್ರಕಾರ ಹೊಸ್ತಿಲು ಒಬ್ಬರನ್ನೂ ವಾಪಸು ಕಳಿಸಲಿಲ್ಲ, ಎಲ್ಲರನ್ನೂ ಕೂರಿಸಿಕೊಂಡಿತು. ಕೂತವರ ಭಾರಕ್ಕೆ ಅದರ ಉಸಿರು ಕಟ್ಟಿತು, ಒಬ್ಬರಿಗೂ ಉತ್ತರ ಕೊಡಲಾಗಲಿಲ್ಲ. ನಾಲ್ಕು ತಾಲ್ಲೂಕಿನ ಸೈಬರ್ ಅಂಗಡಿಗಳಲ್ಲಿ ಮಕ್ಕಳು ಸಂಜೆ ಐದರವರೆಗೆ ತಿರುಗುವ ಚಕ್ರ ನೋಡುತ್ತ ಕಾದರು. ಇಲ್ಲ ಎಂದಿದ್ದರೆ ಇನ್ನೊಂದು ಹಾಸ್ಟೆಲಿಗೆ ಹಾಕಬಹುದಿತ್ತು, ಅದರ ಕೊನೆಯ ದಿನವೂ ಅದೇ. ಟ್ರಸ್ಟಿನವರು ಆಮೇಲೆ ಕೊನೆಯ ದಿನವನ್ನು ಒಂದು ವಾರ ಮುಂದೂಡಿದರು, ಆದರೆ ಹನ್ನೊಂದು ಮಕ್ಕಳಿಗೆ ಆ ಸುದ್ದಿ ಮುಟ್ಟಲಿಲ್ಲ. ಹನ್ನೊಂದರಲ್ಲಿ ಎಷ್ಟು ಜನ ಆ ವರ್ಷ ಓದು ಬಿಟ್ಟರೆಂದು ಅವನು ವಿಚಾರಿಸಲಿಲ್ಲ. ವಿಚಾರಿಸಿದರೆ ಗೊತ್ತಾಗುತ್ತಿತ್ತು. ಅವತ್ತು ಚರ್ಚೆಯ ಪುಟದಲ್ಲಿ ಅವನು ಬರೆದದ್ದು ಒಂದೇ ವಾಕ್ಯ: “ದೋಷ ಒಳಗಿನ ಸರ್ವರಿನಲ್ಲಿದೆ, ಸರಿಪಡಿಸಲಾಗುತ್ತಿದೆ.” ಸುಳ್ಳೇನಲ್ಲ. ಸೊನ್ನೆ ಇದ್ದದ್ದು ಸರ್ವರಿನ ಒಳಗೇ. ಯಾವ ಸಾಲನ್ನು ಯಾರು ಯಾವಾಗ ಬರೆದರೆಂಬುದು ಅಲ್ಲೇ ದಾಖಲಾಗಿರುತ್ತದೆ, ಬೇಕಾದವರು ತೆರೆದು ನೋಡಬಹುದಿತ್ತು. ಸಿದ್ಧಲಿಂಗೇಶ ಸರ್ ಹೇಳಿದ ಮೇಲೆ ಯಾರೂ ನೋಡಲಿಲ್ಲ. ಕ್ಷಮಾಳ ಜೊತೆ ಕೆಲಸ ಮಾಡುತ್ತಿದ್ದ ನಾಲ್ವರು ಒಬ್ಬೊಬ್ಬರಾಗಿ ಬಿಟ್ಟರು. ಅವಳು ಏನೂ ಬರೆಯಲಿಲ್ಲ. ಅವಳಿಗೂ ಗೊತ್ತಾಗಿಲ್ಲವೆಂದು ಅವನು ನಂಬಿದ್ದ, ಅಥವಾ ನಂಬಿದರೆ ಮಲಗಬಹುದೆಂದು ನಂಬಿದ್ದ.

“ಹದಿನೇಳು” ಎಂದಳು ಕ್ಷಮಾ. ಅವನು ಎದ್ದು ಕುರ್ಚಿಗೆ ಬಂದ, ರಟ್ಟನ್ನು ಮೇಜಿನ ಮೇಲಿಟ್ಟ, ಪೊಟ್ಟಣ ತೆಗೆದು ಅದರ ಪಕ್ಕಕ್ಕಿಟ್ಟ. “ಅಮ್ಮ ಕಳ್ಸಿದ್ದು. ಶೇಂಗಾ ಪುಡಿ.” ಅವಳು ಅದನ್ನು ಮುಟ್ಟಲಿಲ್ಲ. “ಇವತ್ತು ಐದಕ್ಕಲ್ವಾ?” ಎಂದಳು.

“ಹೌದು. ಅದಕ್ಕೇ… ಒಂದ್ ಸಲ ನಿಮ್ ಜೊತೆ ಕೂತು ಮಾತಾಡಿ ನೋಡೋಣ ಅಂತ.”

“ಹೊಸ್ತಿಲು ಇರತ್ತಾ, ಇರಲ್ವಾ?”

“ಅದು ಹಂಗಲ್ಲ ಮೇಡಂ. ಯತೀಶ ಏನಂತಾನೆ ಅಂದ್ರೆ…”

“ಯತೀಶ ಬರ್ದಿದ್ದು ಓದಿದೀನಿ. ನೀವು ಹೇಳಿ ಸರ್. ಜನ ಕಾಯ್ತಿದಾರೆ.”

ಬಾಯಿ ತೆರೆದರೆ ನೋಡೋಣ ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅದು ಅಪ್ಪನ ಗಾದಿಯಿಂದ ಎದ್ದು ಬಂದು ಅಲ್ಲಿ ಕೂತಿತ್ತು. ಮುಂದಿನ ಆವೃತ್ತಿಯಲ್ಲಿ ನೋಡೋಣ, ಎರಡನ್ನೂ ಇಟ್ಟು ನೋಡೋಣ, ಇನ್ನೊಂದು ಸಲ ಎಲ್ಲರನ್ನೂ ಕೇಳಿ ನೋಡೋಣ. ಯಾವುದನ್ನು ಹೇಳಿದ್ದರೂ ಅವಳು ನಾಳೆ ಬೆಳಿಗ್ಗೆ ಐದಕ್ಕೆ ಎದ್ದು ಮತ್ತೆ ಹೊಸ್ತಿಲಿನ ಮುಂದೆ ಕೂರುತ್ತಿದ್ದಳು, ಇನ್ನೂ ಒಂದೂವರೆ ವರ್ಷ. ಅವನಿಗೆ ನಡುಮನೆಯಲ್ಲಿ ಲೋಟ ನೆಲಕ್ಕೆ ಇಟ್ಟ ಸದ್ದು ಸ್ಪಷ್ಟವಾಗಿ ಕೇಳಿಸಿತು. “ಇರಲ್ಲ” ಎಂದ. ಸ್ವಂತ ದನಿ ಬೇರೆ ಯಾರದೋ ಆಗಿ ಕೇಳಿತು.

“ಸರಿ” ಎಂದಳು ಕ್ಷಮಾ. ನೀರಿನ ಬಾಟಲಿ ತೆಗೆದು ಕುಡಿದಳು. ಮುಚ್ಚಳ ಅವಳ ಕೈಯಿಂದ ಜಾರಿ ಮೇಜಿನ ಕೆಳಗೆಲ್ಲೋ ಉರುಳಿತು, ಅವಳು ಹುಡುಕಲಿಲ್ಲ. “ಕಾರಣ?”

“ನೀವೊಬ್ರೇ ಇದೀರಿ. ನಾಳೆ ನಿಮಗೆ ಹುಷಾರಿಲ್ಲ ಅಂದ್ರೆ ಆರುನೂರು ಕಡೆ ನೋಡೋರು ಯಾರೂ ಇಲ್ಲ. ಅಷ್ಟೇ ಕಾರಣ. ಹೊಸ್ತಿಲು ಕೆಟ್ಟದ್ದಲ್ಲ.”

“ಒಬ್ಳೇ ಯಾಕಾದೆ ಸರ್?”

ಪ್ರಿಂಟರ್ ಹಿಂದಿನವರ ಕಾಗದವನ್ನು ಇನ್ನೂ ಎಳೆಯುತ್ತಿತ್ತು. ಅದು ಮುಗಿಯುವವರೆಗೆ ಅವನು ಅದನ್ನೇ ನೋಡಿದ. ಆಮೇಲೆ, “ಆ ಸೊನ್ನೆ ನಾನು ಹಾಕಿದ್ದು” ಎಂದ.

“ಗೊತ್ತು. ಅವತ್ತೇ ತೆಗ್ದು ನೋಡ್ದೆ. ಸಾಲಿನ ಪಕ್ಕ ನಿಮ್ಮ ಹೆಸರು, ತಾರೀಖು, ಎಲ್ಲಾ ಇದೆಯಲ್ಲ.”

“ಮತ್ತೆ ಯಾಕೆ ಹೇಳ್ಲಿಲ್ಲ?”

“ನೀವು ಹೇಳ್ತೀರಿ ಅಂತ ಕಾದೆ. ನಾನು ಹೇಳಿದ್ರೆ ತನ್ನ ತಪ್ಪು ಮುಚ್ಚಿಕೊಳ್ಳೋಕೆ ಹೇಳ್ತಾಳೆ ಅಂತಿದ್ರು. ಮೊದಲು ಒಂದು ವಾರ ಆಗ್ಬಹುದು ಅಂದ್ಕಂಡೆ. ದೀಪಾವಳಿಗೆ ಮೆಸೇಜ್ ಮಾಡಿದ್ರಿ, ಮುಂದೆ ಒಂದಿನ ಮಾತಾಡೋಣ ಮೇಡಂ ಅಂತ. ಯುಗಾದಿಗೂ ಅದೇ ಬರ್ದ್ರಿ. ಪ್ರತಿ ಸಲ ಇವತ್ತು ಹೇಳ್ತಾರೇನೋ ಅಂತ ಇಡೀ ದಿನ ಫೋನ್ ನೋಡ್ತಿದ್ದೆ. ಎರಡು ವರ್ಷ ನನ್ನ ಕೂರ್ಸಿದ್ರಿ ಸರ್.” ಅವಳ ದನಿ ಏರಲಿಲ್ಲ. ವೀರಬಸಪ್ಪನವರದೂ ಏರಿರಲಿಲ್ಲ. ಏರಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

“ಬರೀತೀನಿ” ಎಂದ. “ಎಲ್ಲಾ ಬರೀತೀನಿ. ಇವತ್ತು ಮನೆಗೆ ಹೋಗಿ…”

“ಇಲ್ಲೇ ಬರೀರಿ.” ಅವಳು ಬೆಂಚಿನ ಕಡೆ ತಿರುಗಿ, “ಗುತ್ಯಮ್ಮ, ಹತ್ತು ನಿಮಿಷ ಆಗತ್ತೆ. ಕೂತ್ಕಳಿ” ಎಂದಳು.

ಅವನು ಲ್ಯಾಪ್‌ಟಾಪ್ ತೆರೆದ. ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಹುಡುಗನನ್ನು ಬೇರೆ ಬೆಂಚಿಗೆ ಕೂರಿಸಿ ಬರೆಸುವಂತೆ ಅವಳು ಎದುರಿಗೆ ಕೂತಿದ್ದಳು. ‘ಕೆಲವು ತಪ್ಪು ತಿಳಿವಳಿಕೆಗಳಿಂದಾಗಿ’ ಎಂದು ಶುರು ಮಾಡಿದ. ಓದಿಕೊಂಡ, ಅಳಿಸಿದ. ‘ಆಗಿನ ಸಂದರ್ಭದಲ್ಲಿ ಸರಿಯೆನಿಸಿದ’ ಎಂದು ಬರೆದ, ಅದನ್ನೂ ಅಳಿಸಿದ. ಇಷ್ಟು ವರ್ಷ ಕನ್ನಡದಲ್ಲಿ ಪಾಠ ಹೇಳಿದವನಿಗೆ, ಕರ್ತೃ ಇಲ್ಲದ ವಾಕ್ಯಗಳು ತನಗೆ ಎಷ್ಟು ಕೈಗೆ ಹತ್ತಿಹೋಗಿವೆಯೆಂದು ಗೊತ್ತಿರಲಿಲ್ಲ. ಕೊನೆಗೆ ಬರೆದ: “ಎರಡು ವರ್ಷದ ಹಿಂದಿನ ತಪ್ಪು ಕ್ಷಮಾ ಅವರದ್ದಲ್ಲ, ನನ್ನದು. ಅವರು ಇಟ್ಟಿದ್ದ ಮಿತಿಯನ್ನು ನಾನು ಅವರಿಗೆ ಹೇಳದೆ ತೆಗೆದೆ. ಆಮೇಲೆ ದೋಷ ಸರ್ವರಿನದೆಂದು ಬರೆದೆ. ಅದನ್ನು ನಂಬಿ ಅವರ ಜೊತೆಗಿದ್ದವರು ಬಿಟ್ಟುಹೋದರು. ಈಗ ಅವರು ಒಬ್ಬರೇ ಎಂಬ ಕಾರಣಕ್ಕೆ ಹೆರಾನನ್ನು ಆಯ್ಕೆ ಮಾಡುತ್ತಿದ್ದೇನೆ. ಅವರನ್ನು ಒಬ್ಬರೇ ಮಾಡಿದವನು ನಾನು.” ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿದ. ಅವಳು ನಿಧಾನವಾಗಿ ಓದಿದಳು, ಒಂದು ಸಲ ಓದಿ ಮತ್ತೆ ಮೇಲಕ್ಕೆ ಹೋಗಿ ಓದಿದಳು. “ಹನ್ನೊಂದು ಮಕ್ಕಳು ಅಂತಾನೂ ಸೇರ್ಸಿ. ಅದ್ರಲ್ಲಿ ಆರು ಜನ ಮತ್ತೆ ಸೇರ್ಲಿಲ್ಲ. ನಾನು ಫೋನ್ ಮಾಡಿ ವಿಚಾರಿಸಿದೀನಿ” ಎಂದಳು. ಅವನು ಸೇರಿಸಿದ. ಕಳಿಸಿದ.

ಎರಡು ನಿಮಿಷವೂ ಆಗಿರಲಿಲ್ಲ, ಯತೀಶನ ಫೋನು ಬಂತು. “ಸರ್, ಈಗ ನೋಡ್ದೆ. ಏನ್ ಸರ್ ಇದು…” ಎಂದ. ಆಮೇಲೆ, “ಹಂಗಾದ್ರೆ ಬಿಡುಗಡೆ ಮುಂದಕ್ಕೆ ಹಾಕೋಣ್ವಾ? ಒಂದ್ ತಿಂಗ್ಳು ನೋಡೋಣ. ಮೇಡಂಗೂ ಬೇಜಾರಾಗಲ್ಲ” ಎಂದ. ಕೋಣೆ ಚಿಕ್ಕದು, ಕ್ಷಮಾಳಿಗೆ ಎಲ್ಲ ಕೇಳಿಸುತ್ತಿತ್ತು. ಅವಳು ಅವನ ಮುಖ ನೋಡಲಿಲ್ಲ, ಹದಿನೇಳರ ರಟ್ಟನ್ನು ತೆಗೆದು ಡಬ್ಬಿಗೆ ಹಾಕಿದಳು. “ಬೇಡ ಯತೀಶ. ಐದಕ್ಕೆ ಬಿಡು. ಹೆರಾನ್ ಇರ್ಲಿ. ಅದ್ರಲ್ಲಿ ಕಾಯೋರಿಗೆ ಮಿತಿ ಇನ್ನೂರು ಹಾಕು” ಎಂದು ಸಿದ್ಧಲಿಂಗೇಶ ಫೋನಿಟ್ಟ.

ಇಷ್ಟಾದ ಮೇಲೆ ಅವನಿಗೆ ಧೈರ್ಯ ಬಂದಂತಾಗಿತ್ತು. ಅಥವಾ ಎದ್ದು ಹೋಗುವ ಧೈರ್ಯ ಸಾಲದೆ ಹೋಗಿತ್ತು. “ಮೇಡಂ, ಹೊಸ್ತಿಲು ಬಿಡಬೇಡಿ. ನಾನು ನಿಮ್ ಜೊತೆ ಕೂರ್ತೀನಿ. ದಿನಾ ಬೆಳಿಗ್ಗೆ. ಇಬ್ರಾಗ್ತೀವಿ. ಮುಂದಿನ ವರ್ಷಕ್ಕೆ ಮತ್ತೆ…” ಎಂದ. ಹೇಳುತ್ತ, ಅವಳು ಹ್ಞೂಂ ಎನ್ನಲಿ ಎಂದು ಎಷ್ಟು ಬೇಡಿಕೊಳ್ಳುತ್ತಿದ್ದೇನೆಂದು ಅವನಿಗೇ ಆಶ್ಚರ್ಯವಾಯಿತು.

“ಬೇಡ ಸರ್” ಎಂದಳು ಕ್ಷಮಾ. ಜಂಟಿ ಪಹಣಿಯವನಿಗೆ ಹೇಳಿದ ದನಿಯಲ್ಲೇ ಹೇಳಿದಳು. ಸಿಟ್ಟಿರಲಿಲ್ಲ, ಯೋಚಿಸುವ ನಾಟಕವೂ ಇರಲಿಲ್ಲ. ಅವನು ಇನ್ನೊಂದು ಮಾತು ಬರಬಹುದೆಂದು ಕಾದ. ಅವಳು ಪೊಟ್ಟಣವನ್ನು ಎತ್ತಿಕೊಂಡು, “ಇದನ್ನ ಇಟ್ಕಳ್ತೀನಿ. ಅಮ್ಮನಿಗೆ ಹೇಳಿ” ಎಂದು ಡ್ರಾಯರಿನೊಳಗೆ ಇಟ್ಟಳು. ಆಮೇಲೆ ಬೆಂಚಿನ ಕಡೆ ನೋಡಿ, “ಹದಿನೆಂಟು” ಎಂದಳು. ಗುತ್ಯಮ್ಮ ಆಗಲೇ ಮೊಣಕಾಲು ಹಿಡಿದು ಎದ್ದು ಅವನ ಹಿಂದೆ ಬಂದು ನಿಂತಿದ್ದಳು. “ನಿಮ್ಮದಾಯ್ತಾ?” ಎಂದು ಕೇಳಿದಳು. “ಆಯ್ತು” ಎಂದು ಅವನು ಕುರ್ಚಿ ಬಿಟ್ಟ.

ಹೇಳಿಬಿಟ್ಟರೆ ಹಗುರಾಗುತ್ತದೆಂದು ಅವನು ಎಲ್ಲೋ ಓದಿದ್ದ. ಬಸ್‌ಸ್ಟ್ಯಾಂಡಿನ ಸಿಮೆಂಟು ಕಟ್ಟೆಯ ಮೇಲೆ ಕೂತಾಗ ಹಗುರವೇನೂ ಆಗಿರಲಿಲ್ಲ. ಚರ್ಚೆಯ ಪುಟದಲ್ಲಿ ಅವನ ಮಾತಿನ ಕೆಳಗೆ ಜನ ಬರೆಯುತ್ತಿದ್ದರು, ಫೋನು ಜೇಬಿನಲ್ಲಿ ಒಂದೇ ಸಮನೆ ಗುಂಯ್‌ಗುಟ್ಟುತ್ತಿತ್ತು, ತೆಗೆದು ನೋಡಲಿಲ್ಲ. ಮುಂಜಾನೆ ಐದರ ಆ ಮೂರು ತಾಸು ಅವಳು ನಾಳೆಯಿಂದ ಏನು ಮಾಡುತ್ತಾಳೆ ಎಂದು ಯೋಚನೆ ಬಂತು. ಅದನ್ನು ಕೇಳುವ ಹಕ್ಕು ತನಗಿಲ್ಲ ಎಂಬುದೂ ಜೊತೆಗೇ ಬಂತು. ಅಳು ಬಂತು. ನಾಲ್ಕು ಜನರ ಎದುರು, ಬಟಾಬಯಲಿನಲ್ಲಿ, ಲ್ಯಾಪ್‌ಟಾಪಿನ ಚೀಲಕ್ಕೆ ಮುಖ ಬಗ್ಗಿಸಿ ಸ್ವಲ್ಪ ಹೊತ್ತು ಅತ್ತ. ಶಿಕಾರಿಪುರದ ಬಸ್ಸು ಬಂದಾಗ ಕಣ್ಣೊರೆಸಿಕೊಂಡು ಹತ್ತಿ ಕಿಟಕಿಯ ಪಕ್ಕ ಕೂತ. ಬಸ್ಸು ಹೊರಡುವಷ್ಟರಲ್ಲಿ ಅಮ್ಮನ ಫೋನು.

“ಹೊಂಟಿಯೇನಪ್ಪಾ?” ಎಂದಳು ರಾಜೇಶ್ವರಮ್ಮ. “ಪುಡಿ ಕೊಟ್ಯಾ?”

“ಕೊಟ್ಟೆ. ಇಟ್ಕೊಂಡ್ರು.”

“ಚಲೋ ಆತು. ಮತ್ತ ಬರ್ರಿ ಅಂದ್ರಾ?”

ಯಾರ ಮನೆಯಿಂದ ಬಂದರೂ ಅವಳು ಕೇಳುವ ಪ್ರಶ್ನೆ ಅದು. ಅದಕ್ಕೆ ಹೌದು ಎಂದಲ್ಲದೆ ಬೇರೆ ಉತ್ತರವನ್ನು ಅವನು ಈವರೆಗೆ ಕೊಟ್ಟಿರಲಿಲ್ಲ, ಅಂದಿರಲಿ, ಅನ್ನದಿರಲಿ.

“ಇಲ್ಲಮ್ಮ, ಅನ್ನಲಿಲ್ಲ” ಎಂದ.

ಅಮ್ಮ ಫೋನು ಹಿಡಿದೇ ಇದ್ದಳು. ಕಂಡಕ್ಟರ್ ಬಂದು ಎಲ್ಲಿಗೆ ಎಂದು ಕೇಳಿದ, ಅವನು ಶಿಕಾರಿಪುರ ಎಂದು ಹೇಳಿ ಟಿಕೆಟ್ಟು ತೆಗೆದುಕೊಂಡ.